ಜಾನ್ ಸ್ನೋ ಯಾರ ಮಗ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿರುವುದೆಲ್ಲ ಸ್ಪಾಯ್ಲರ್. ‘ಗೇಮ್ ಆಫ್ ಥ್ರೋನ್ಸ್’ ಇನ್ನೂ ನೋಡಬೇಕು, ಜಾರ್ಜ್ ಆರ್. ಆರ್. ಮಾರ್ಟಿನ್ ಪುಸ್ತಕಗಳನ್ನು ಇನ್ನೂ ಓದಬೇಕು ಅಂದುಕೊಂಡಿರುವವರು ಇಲ್ಲಿಂದಲೇ ವಾಪಸ್ ಹೋದರೆ ನನಗೇನೂ ಬೇಜಾರಿಲ್ಲ. ಈ ಕಥೆಯ ಹುಚ್ಚು ನನಗಿದೆ ಎಂದು ಗೊತ್ತಾದವರೆಲ್ಲ ಸುತ್ತಿ ಬಳಸಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೂ ಕೇಳಿದ್ದರು, ಉತ್ತರ ಮುಗಿಯುವಷ್ಟರಲ್ಲಿ ಮಜ್ಜಿಗೆ ಬಂದಿತ್ತು. ಅದಕ್ಕೇ ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ.

‘ಆರ್ ಪ್ಲಸ್ ಎಲ್ ಈಕ್ವಲ್ಸ್ ಜೆ’ ಅಂದರೇನು?

ರೇಗರ್ ಪ್ಲಸ್ ಲಿಯಾನಾ, ಉತ್ತರ ಜಾನ್. ನೆಡ್ ಸ್ಟಾರ್ಕ್ ತನ್ನ ಮಗನೆಂದು ಹೇಳಿ ಸಾಕಿದ ಜಾನ್ ಸ್ನೋ ಅವನ ಮಗನಲ್ಲ, ಅವನ ತಂಗಿ ಲಿಯಾನಾಳ ಮಗ. ತಂದೆ ಯುವರಾಜ ರೇಗರ್ ಟಾರ್ಗೇರಿಯನ್. ಥಿಯರಿ ಇಷ್ಟೇ.

ಕಥೆಯೇ ಮರೆತುಹೋಗಿದೆ. ಸ್ವಲ್ಪ ನೆನಪಿಸಿ.

ಕಥೆ ಶುರುವಾಗುವುದಕ್ಕೆ ಹದಿನಾರು ಹದಿನೇಳು ವರ್ಷ ಹಿಂದೆ ಹ್ಯಾರೆನ್‌ಹಾಲ್ ಕೋಟೆಯಲ್ಲಿ ದೊಡ್ಡದೊಂದು ಟೂರ್ನಿ ನಡೆಯಿತು. ಗೆದ್ದವನು ತನಗೆ ಇಷ್ಟವಾದ ಹೆಣ್ಣಿನ ಮಡಿಲಿಗೆ ಹೂವಿನ ಕಿರೀಟ ಇಡುವುದು ರೂಢಿ. ಗೆದ್ದ ರೇಗರ್ ತನ್ನ ಹೆಂಡತಿ ಎಲಿಯಾ ಮಾರ್ಟೆಲ್‌ಳನ್ನು ದಾಟಿಕೊಂಡು ಹೋಗಿ, ನೀಲಿ ಚಳಿಗಾಲದ ಗುಲಾಬಿಗಳ ಕಿರೀಟವನ್ನು ಲಿಯಾನಾ ಸ್ಟಾರ್ಕ್‌ಳ ಮಡಿಲಲ್ಲಿಟ್ಟ. ಅವಳಿಗಾಗಲೇ ರಾಬರ್ಟ್ ಬರಾಥಿಯನ್ ಜೊತೆ ಮದುವೆ ಗೊತ್ತಾಗಿತ್ತು. ಮುಂದೊಂದು ದಿನ ರೇಗರ್, ಲಿಯಾನಾ ಇಬ್ಬರೂ ಕಾಣೆಯಾದರು. ಅಪಹರಣವೋ, ಅವಳೇ ಹೋದದ್ದೋ, ಅಲ್ಲೇ ಗಂಟು. ಕೇಳಲು ಹೋದ ಅವಳ ಅಣ್ಣನನ್ನೂ ತಂದೆಯನ್ನೂ ಹುಚ್ಚು ದೊರೆ ಏರಿಸ್ ಕೊಲ್ಲಿಸಿದ. ದಂಗೆಯೆದ್ದಿತು. ಟ್ರೈಡೆಂಟ್ ನದಿಯಲ್ಲಿ ರಾಬರ್ಟನ ಕೈಯಲ್ಲಿ ರೇಗರ್ ಸತ್ತ, ರಾಜಧಾನಿ ಬಿತ್ತು, ರೇಗರನ ಎಳೆಮಕ್ಕಳನ್ನೂ ಕೊಂದರು. ಲಿಯಾನಾ ದೂರದ ಡಾರ್ನ್ ಗಡಿಯ ಗೋಪುರವೊಂದರಲ್ಲಿ ಅಣ್ಣ ನೆಡ್‌ನ ಕೈ ಹಿಡಿದು, ಏನೋ ಮಾತು ತೆಗೆದುಕೊಂಡು ಪ್ರಾಣ ಬಿಟ್ಟಳು. ನೆಡ್ ತಂಗಿಯ ಮೂಳೆಗಳೊಂದಿಗೂ ಒಂದು ಕೂಸಿನೊಂದಿಗೂ ಊರಿಗೆ ಬಂದ. ಕೂಸು ತನ್ನದೇ, ಮದುವೆಯಾಚೆ ಹುಟ್ಟಿದ್ದು ಎಂದ.

ಉತ್ತರ ಸೀಮೆಯಲ್ಲಿ ಹಾಗೆ ಹುಟ್ಟಿದ ಶ್ರೀಮಂತರ ಮಕ್ಕಳಿಗೆಲ್ಲ ಸ್ನೋ ಎಂಬುದೇ ಮನೆತನದ ಹೆಸರು. ಡಾರ್ನ್‌ನಲ್ಲಾದರೆ ಸ್ಯಾಂಡ್.

ಇದನ್ನು ಮೊದಲು ಊಹಿಸಿದ್ದು ಯಾವಾಗ?

ಮೊದಲ ಪುಸ್ತಕ ಬಂದದ್ದು 1996ರಲ್ಲಿ. 1997ರ ಹೊತ್ತಿಗೇ ಓದುಗರು ಯೂಸ್‌ನೆಟ್ ಎಂಬ ಹಳೆಯ ಇಂಟರ್ನೆಟ್ ಚರ್ಚಾ ಗುಂಪುಗಳಲ್ಲಿ ಇದನ್ನು ಚರ್ಚಿಸುತ್ತಿದ್ದರು. ಅಂದರೆ ಎರಡನೆಯ ಪುಸ್ತಕ ಕೈಗೆ ಸಿಗುವ ಮೊದಲೇ. ಟಿವಿ ಸರಣಿ ಬಂದದ್ದು 2011ರಲ್ಲಿ, ಗುಟ್ಟು ಬಿಚ್ಚಿದ್ದು 2016ರಲ್ಲಿ. ಇಪ್ಪತ್ತು ವರ್ಷದ ಹಳೆಯ ಊಹೆ ಅದು.

ಪುಸ್ತಕದಲ್ಲಿ ಸುಳಿವುಗಳು ನಿಜವಾಗಿ ಎಲ್ಲಿವೆ?

ಹೆಚ್ಚಿನವರು ಗೋಪುರದ ಕನಸನ್ನೇ ಮೊದಲು ಹೇಳುತ್ತಾರೆ. ಕಾಲು ಮುರಿದುಕೊಂಡು ಜ್ವರದಲ್ಲಿ ಮಲಗಿದ ನೆಡ್‌ಗೆ ಆ ಹಳೆಯ ದಿನ ಕನಸಾಗಿ ಬರುತ್ತದೆ. ನೆಡ್‌ನ ಕಡೆ ಏಳು ಜನ, ಗೋಪುರದ ಮುಂದೆ ಬಿಳಿ ನಿಲುವಂಗಿಯ ಮೂವರು. ಆ ಮೂವರು ಕಿಂಗ್ಸ್‌ಗಾರ್ಡ್ ಪಡೆಯವರು, ರಾಜನನ್ನೂ ರಾಜಮನೆತನವನ್ನೂ ಕಾಯಲು ಆಣೆಯಿಟ್ಟ ಏಳು ಜನರಲ್ಲಿ ಮೂವರು. ನೆಡ್ ಕೇಳುತ್ತಾನೆ: ಟ್ರೈಡೆಂಟ್‌ನಲ್ಲಿ ನಿಮ್ಮನ್ನು ಹುಡುಕಿದೆ, ಇರಲಿಲ್ಲ; ರಾಜಧಾನಿ ಬಿದ್ದಾಗಲೂ ಇರಲಿಲ್ಲ; ರಾಣಿಯೂ ರಾಜಕುಮಾರ ವಿಸೆರಿಸನೂ ಡ್ರ್ಯಾಗನ್‌ಸ್ಟೋನ್‌ಗೆ ಓಡಿದರು, ಅಲ್ಲಿಗೂ ನೀವು ಹೋಗಿಲ್ಲ. ಅವರದು ಒಂದೇ ಉತ್ತರ, ಆಣೆಯಿಟ್ಟಿದ್ದೇವೆ. ರಾಜ ಸತ್ತ, ಯುವರಾಜ ಸತ್ತ, ಬದುಕಿರುವ ರಾಜಕುಮಾರ ಎಲ್ಲೋ ದ್ವೀಪದಲ್ಲಿ. ಹಾಗಿದ್ದರೆ ಆ ಪಡೆಯ ದಳಪತಿಯೂ ಅತ್ಯುತ್ತಮ ಕತ್ತಿವರಸೆಗಾರನೂ ನಿರ್ಜನ ಬೆಟ್ಟದ ಗೋಪುರದಲ್ಲಿ ಯಾರನ್ನು ಕಾಯುತ್ತಿದ್ದರು?

ಹತ್ತರಲ್ಲಿ ಎಂಟು ಜನ ಅಲ್ಲೇ ಸತ್ತರು. ನೆಡ್ ಆ ಗೋಪುರವನ್ನೇ ಕೆಡವಿ, ಅದರ ಕಲ್ಲಿನಲ್ಲಿ ಎಂಟು ಗೋರಿ ಕಟ್ಟಿದ.

ನನಗೆ ಇದಕ್ಕಿಂತ ಹೆಚ್ಚು ಬೆಲೆಯ ಸುಳಿವು ಬೇರೆ ಇದೆ. ರಾಣಿ ಸರ್ಸಿಯ ಮಕ್ಕಳು ಈಗ ರಾಜನಾಗಿರುವ ರಾಬರ್ಟನವರಲ್ಲ ಎಂಬ ಗುಟ್ಟು ಗೊತ್ತಾದ ಮೇಲೆ ನೆಡ್ ತನ್ನನ್ನೇ ಕೇಳಿಕೊಳ್ಳುತ್ತಾನೆ: ಯಾರದೋ ಗೊತ್ತಿಲ್ಲದ ಮಗುವಿನ ಜೀವ ಒಂದು ಕಡೆ, ರಾಬ್, ಸಾನ್ಸಾ, ಆರ್ಯಾ, ಬ್ರಾನ್, ರಿಕನ್ ಇನ್ನೊಂದು ಕಡೆ ಬಂದರೆ ನಾನೇನು ಮಾಡುತ್ತಿದ್ದೆ? ಲೆಕ್ಕ ಹಾಕಿ, ಐದು ಹೆಸರು, ಅವನ ಮಕ್ಕಳದು. ಜಾನ್ ಆ ಪಟ್ಟಿಯಲ್ಲಿಲ್ಲ. ಅದರ ಮುಂದಿನ ಮಾತಿನಲ್ಲಿ ಬರುತ್ತಾನೆ, ಆದರೆ ತಕ್ಕಡಿಯ ಆಚೆ ಬದಿಯಲ್ಲಿ: ಜಾನ್‌ನ ಜೀವವೋ ತನ್ನ ಹೊಟ್ಟೆಯ ಮಕ್ಕಳ ಜೀವವೋ ಎಂದಾದರೆ ಹೆಂಡತಿ ಕ್ಯಾಟ್ಲಿನ್ ಏನು ಮಾಡುತ್ತಿದ್ದಳು? ತನ್ನ ಮನಸ್ಸಿನೊಳಗೆ ಕೂಡ ನೆಡ್ ಅವನನ್ನು ಮಗ ಎಂದು ಎಣಿಸುವುದಿಲ್ಲ. ಅದೇ ಪುಸ್ತಕದಲ್ಲಿ ಹದಿನಾಲ್ಕು ವರ್ಷ ಸುಳ್ಳಿನೊಂದಿಗೆ ಬಾಳಿದೆ ಎಂದು ನೆನೆಯುತ್ತಾನೆ, ತಂಗಿಗೆ ಕೊಟ್ಟ ಮಾತುಗಳಿಗೆ ತೆತ್ತ ಬೆಲೆಯನ್ನೂ ನೆನೆಯುತ್ತಾನೆ. ಅಣ್ಣನಾದವನು ತಂಗಿಯ ಮೂಳೆ ಊರಿಗೆ ತಂದು ಹೂಳಲು ತೆರುವ ಬೆಲೆ ಏನಿದ್ದೀತು?

ಮುಖ ಲಕ್ಷಣದ್ದೂ ಒಂದಿದೆ. ನೆಡ್‌ನ ಮಕ್ಕಳಲ್ಲಿ ಹೆಚ್ಚಿನವರು ತಾಯಿಯ ಹಾಗೆ ಕೆಂಚುಗೂದಲಿನವರು. ಆರ್ಯಾ ಮಾತ್ರ ಸ್ಟಾರ್ಕ್ ಮುಖದವಳು, ಅವಳು ಜಾನ್‌ನನ್ನು ಹೋಲುತ್ತಾಳೆ. ಅದೇ ಆರ್ಯಾಳನ್ನು ನೋಡಿ ನೆಡ್, ನೀನು ಲಿಯಾನಾಳ ಹಾಗೆ ಎನ್ನುತ್ತಾನೆ. ಎರಡೂ ವಾಕ್ಯಗಳ ನಡುವೆ ಎಷ್ಟೋ ಪುಟಗಳಿವೆ, ಜೋಡಿಸುವ ಕೆಲಸ ಓದುಗರದು.

ಎರಡನೆಯ ಪುಸ್ತಕದಲ್ಲಿ ರೇಗರನ ತಂಗಿ ಡೆನೇರಿಸ್‌ಗೆ ಕಾಣುವ ದರ್ಶನಗಳಲ್ಲಿ ಹಿಮದ ಗೋಡೆಯ ಬಿರುಕಿನಲ್ಲಿ ಅರಳಿದ ನೀಲಿ ಹೂವೊಂದಿದೆ. ಗೋಡೆಯ ಮೇಲೆ ಕಾವಲಿರುವವನು ಜಾನ್, ನೀಲಿ ಹೂವು ಲಿಯಾನಾಳದು. ಇಷ್ಟು ಬಿಡಿಸಿ ಹೇಳಿದ ಮೇಲೂ ನಂಬದವರಿಗೆ ನಾನು ಕಾಫಿ ಕೊಟ್ಟು ಸುಮ್ಮನಾಗುತ್ತೇನೆ.

ಇಷ್ಟೆಲ್ಲ ಇದ್ದರೂ ನನಗೆ ಮೊದಲ ಓದಿನಲ್ಲಿ ಹೊಳೆಯಲೇ ಇಲ್ಲವಲ್ಲ?

ನನಗೂ ಹೊಳೆಯಲಿಲ್ಲ. ಹೊಳೆಯದಂತೆ ಕಟ್ಟಿದ್ದಾರೆ, ಅದರಲ್ಲೇ ಲೇಖಕರ ಕೈಚಳಕ ಇರುವುದು.

ಮೊದಲ ಪುಸ್ತಕದಲ್ಲಿ ನೆಡ್ ಪತ್ತೇದಾರ. ರಾಣಿ ಸರ್ಸಿಯ ಮೂವರು ಮಕ್ಕಳು ರಾಜನಿಗೆ ಹುಟ್ಟಿದವರೇ? ರಾಬರ್ಟನ ಹಾದಿಬದಿಯ ಮಕ್ಕಳೆಲ್ಲ ಕಪ್ಪುಗೂದಲು, ಈ ಮೂವರು ಚಿನ್ನದ ಕೂದಲು. ವಂಶಾವಳಿಯ ದಪ್ಪ ಪುಸ್ತಕ ತಿರುವಿಹಾಕುತ್ತಾನೆ, ಕಮ್ಮಾರನ ಅಂಗಡಿಗೆ ಹೋಗಿ ಹುಡುಗನ ಮುಖ ನೋಡುತ್ತಾನೆ, ವೇಶ್ಯಾಗೃಹದಲ್ಲಿ ಹಸುಗೂಸನ್ನು ನೋಡಿ ಬರುತ್ತಾನೆ. ನಾವೂ ಅವನ ಹಿಂದೆ ಹಿಂದೆ. ಕೊನೆಗೆ ಗುಟ್ಟು ಬಯಲಾದಾಗ ‘ಈ ಕಥೆಯ ಜನ್ಮರಹಸ್ಯ ಇದೇ’ ಅನ್ನಿಸಿ ನಮ್ಮ ಕುತೂಹಲ ತಣಿಯುತ್ತದೆ. ಬೇರೆಯವರ ಮಕ್ಕಳ ತಂದೆ ಯಾರೆಂದು ಹುಡುಕುತ್ತಿರುವವನ ಮನೆಯಲ್ಲೇ ಅದಕ್ಕಿಂತ ದೊಡ್ಡ ಗುಟ್ಟು ಬೆಳೆದು ನಿಂತಿದೆ ಎಂದು ಯಾರಿಗೆ ಹೊಳೆಯಬೇಕು! ವೇಶ್ಯಾಗೃಹದಿಂದ ಮರಳುವಾಗ ಕುದುರೆಯ ಮೇಲೆ ನೆಡ್‌ಗೆ ಜಾನ್ ನೆನಪಾಗುತ್ತಾನೆ, ಎಷ್ಟೋ ವರ್ಷಗಳ ಮೇಲೆ ರೇಗರನೂ ನೆನಪಾಗುತ್ತಾನೆ. ಅವನು ಇಂಥ ಮನೆಗಳಿಗೆ ಹೋಗುವವನಲ್ಲ ಎಂದುಕೊಳ್ಳುತ್ತಾನೆ. ತನ್ನ ತಂಗಿಯನ್ನು ಹೊತ್ತೊಯ್ದ ಪಾಪಿಯ ಬಗ್ಗೆ ಅಣ್ಣನೊಬ್ಬ ಯೋಚಿಸುವ ರೀತಿಯೇ ಇದು? ನಾನಂತೂ ಮೊದಲ ಸಲ ಓದಿ ದಾಟಿಹೋಗಿದ್ದೆ.

ಹೆಂಡತಿಗಾದರೂ ಹೇಳಬಹುದಿತ್ತಲ್ಲ?

ಈ ಪ್ರಶ್ನೆಗೆ ನನ್ನ ಮನೆಯಲ್ಲೇ ಎರಡು ಪಕ್ಷಗಳಿವೆ. ಕ್ಯಾಟ್ಲಿನ್ ಆ ಹುಡುಗನನ್ನು ಗಂಡನ ದ್ರೋಹದ ಗುರುತಾಗಿ ಪ್ರತಿದಿನ ಎದುರಲ್ಲಿ ನೋಡಬೇಕಾಯಿತು, ಹುಡುಗ ಅವಳ ತಣ್ಣನೆಯ ಕಣ್ಣಿನಡಿ ಬೆಳೆದ. ಒಂದು ಮಾತು ಹೇಳಿದ್ದರೆ ಇಬ್ಬರಿಗೂ ಬದುಕು ಹಗುರಾಗುತ್ತಿತ್ತು.

ಆದರೆ ರಾಬರ್ಟನನ್ನು ನೋಡಿ. ಸಮುದ್ರದಾಚೆ ಇರುವ, ಗರ್ಭಿಣಿಯಾದ ಹದಿಹರೆಯದ ಡೆನೇರಿಸ್‌ಳನ್ನು ಕೊಲ್ಲಲು ಆಳು ಕಳಿಸುವವನು ಅವನು. ಕೊಲೆಯಾದ ರೇಗರನ ಮಕ್ಕಳನ್ನು ನೋಡಿ ಮರುಗದವನು. ಮದುವೆಯಾದ ಹೊಸದರಲ್ಲೇ ಯುದ್ಧಕ್ಕೆ ಹೋದ ನೆಡ್‌ಗೆ ಕ್ಯಾಟ್ಲಿನ್ ಆಗ ಹೆಚ್ಚು ಕಡಿಮೆ ಅಪರಿಚಿತೆ. ಗುಟ್ಟು ತಿಳಿದವಳು ರಾಜನಿಗೆ ಸುಳ್ಳು ಹೇಳಿದ ಅಪರಾಧಕ್ಕೂ ಪಾಲುದಾರಳಾಗುತ್ತಿದ್ದಳು. ಮೊದಮೊದಲು ಬಿಡಿ, ಐದು ಮಕ್ಕಳಾದ ಮೇಲಾದರೂ? ಅಲ್ಲಿಗೆ ನನ್ನ ವಾದ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಪ್ರಾಮಾಣಿಕತೆಗೆ ಹೆಸರಾದವನು ತನ್ನ ಮಾನವನ್ನೇ ಕೊಟ್ಟು ಒಂದು ಮಗುವನ್ನು ಉಳಿಸಿಕೊಂಡ. ಆ ಲೆಕ್ಕದ ಬಾಕಿಯನ್ನು ಹೆಂಡತಿಯ ಕೈಯಲ್ಲಿ ತೀರಿಸಿದ.

ಬೇರೆ ತಾಯಂದಿರ ಹೆಸರೂ ಕೇಳಿದ್ದೇನೆ. ಯಾರು ಅವರೆಲ್ಲ?

ಮೂವರಿದ್ದಾರೆ. ನೆಡ್ ತಾನೇ ರಾಬರ್ಟನಿಗೆ ಹೇಳಿದ ಹೆಸರು ವೈಲಾ. ನೆಡ್‌ನ ಕೋಟೆ ವಿಂಟರ್‌ಫೆಲ್‌ನ ಆಳುಗಳು ಪಿಸುಗುಡುವ ಹೆಸರು ಆಶಾರಾ ಡೇನ್, ಗೋಪುರದಲ್ಲಿ ಸತ್ತ ಆರ್ಥರ್ ಡೇನ್‌ನ ತಂಗಿ. ಐದನೆಯ ಪುಸ್ತಕದಲ್ಲಿ ದ್ವೀಪದ ಪಾಳೇಗಾರನೊಬ್ಬ ಹೆಸರಿಲ್ಲದ ಬೆಸ್ತರ ಹುಡುಗಿಯ ಕಥೆ ಹೇಳುತ್ತಾನೆ.

ವೈಲಾ ಸುಳ್ಳು ಹೆಸರಲ್ಲ, ಆಕೆ ಇದ್ದಾಳೆ. ಮೂರನೆಯ ಪುಸ್ತಕದಲ್ಲಿ ಎಡ್ರಿಕ್ ಡೇನ್ ಎಂಬ ಹುಡುಗ ಆರ್ಯಾಗೆ, ನಾನೂ ಜಾನ್ ಸ್ನೋನೂ ಒಂದೇ ಎದೆಹಾಲು ಕುಡಿದವರು ಎನ್ನುತ್ತಾನೆ. ವೈಲಾ ಅವರ ಮನೆಯ ದಾದಿ. ತಾಯಿ ಸತ್ತ ಹಸುಗೂಸಿಗೆ ಹಾಲುಣಿಸುವವಳು ಬೇಕೇ ಬೇಕಲ್ಲ! ಹುಡುಗ ಅವಳನ್ನೇ ತಾಯಿ ಎಂದು ನಂಬಿದ್ದಾನೆ. ಇನ್ನೊಂದು ಸೋಜಿಗವೆಂದರೆ ಎಡ್ರಿಕ್‌ನನ್ನು ಎಲ್ಲರೂ ಕರೆಯುವುದು ನೆಡ್ ಎಂದು. ತಮ್ಮ ಮನೆಯ ವೀರನನ್ನು ಕೊಂದವನ ಹೆಸರಿನಿಂದ ಮಗುವನ್ನು ಯಾರು ಕರೆಯುತ್ತಾರೆ? ಡೇನ್ ಮನೆಯವರಿಗೆ ಏನೋ ಗೊತ್ತಿತ್ತು ಎಂಬುದು ನನ್ನ ಅನುಮಾನ.

ಬೆಸ್ತರ ಹುಡುಗಿಯ ಕಥೆ ಊರ ಮಾತು. ಆಶಾರಾಳ ದುಃಖ ಏನಿತ್ತೋ ಪುಸ್ತಕ ಇನ್ನೂ ಹೇಳಿಲ್ಲ. ಅವಳು ಸಮುದ್ರಕ್ಕೆ ಹಾರಿದಳು ಎಂದಷ್ಟೇ ಎಲ್ಲರೂ ಹೇಳುತ್ತಾರೆ.

ಟಾರ್ಗೇರಿಯನ್ ರಕ್ತ ಅಂದಮೇಲೆ ಜಾನ್‌ನ ಕೈ ಸುಟ್ಟಿದ್ದು ಹೇಗೆ?

ಎಲ್ಲರೂ ಎಡವುವ ಜಾಗ ಇದು. ಟಾರ್ಗೇರಿಯನ್ನರಿಗೆ ಬೆಂಕಿ ತಾಗುವುದಿಲ್ಲ ಎಂಬುದೇ ತಪ್ಪು. ಡೆನೇರಿಸ್ ಚಿತೆಯಿಂದ ಎದ್ದುಬಂದದ್ದು ಒಂದು ಸಲದ ಮಾಯೆ ಎಂದು ಮಾರ್ಟಿನ್ ಅವರೇ ಹೇಳಿದ್ದಾರೆ. ಅವಳ ಅಣ್ಣ ವಿಸೆರಿಸ್ ಕರಗಿದ ಚಿನ್ನ ತಲೆಗೆ ಬಿದ್ದು ಸತ್ತದ್ದನ್ನು ನೀವೂ ನೋಡಿದ್ದೀರಿ. ಜೀವ ಬಂದ ಹೆಣದ ಮೇಲೆ ಉರಿಯುವ ಪರದೆ ಎಸೆಯುವಾಗ ಜಾನ್‌ನ ಕೈ ಸುಟ್ಟದ್ದು ಥಿಯರಿಗೆ ಅಡ್ಡಿಯಲ್ಲ. ಬೆಳ್ಳಿಗೂದಲು ಇಲ್ಲ ಎಂಬ ಆಕ್ಷೇಪಕ್ಕೂ ಇದೇ ಉತ್ತರ: ಅದೇ ವಂಶದ ಯುವರಾಜ ಬೇಲರ್‌ಗೂ ಡಾರ್ನ್‌ನ ತಾಯಿಯಿಂದ ಬಂದ ಕಪ್ಪುಗೂದಲೇ ಇತ್ತು.

ರೇಗರ್, ಲಿಯಾನಾ ಮದುವೆಯಾಗಿದ್ದರೇ?

ಟಿವಿಯಲ್ಲಿ ಹೌದು. ಏಳನೆಯ ಸೀಸನ್‌ನಲ್ಲಿ ಗಿಲ್ಲಿ ಎಂಬ ಹುಡುಗಿ ಹಳೆಯ ದಿನಚರಿಯೊಂದನ್ನು ತಡವರಿಸುತ್ತ ಓದುವಾಗ ಸಿಗುತ್ತದೆ: ರೇಗರನ ಮೊದಲ ಮದುವೆ ರದ್ದುಮಾಡಿ ಡಾರ್ನ್‌ನಲ್ಲಿ ಗುಟ್ಟಾಗಿ ಇನ್ನೊಂದು ಮದುವೆ ಮಾಡಿಸಿದೆ ಎಂದು ಧರ್ಮಗುರು ಬರೆದಿಟ್ಟಿದ್ದಾನೆ. ಎರಡು ಮಕ್ಕಳ ತಾಯಿ ಎಲಿಯಾಳನ್ನು ಒಂದು ಸಾಲಿನಲ್ಲಿ ಒರೆಸಿಹಾಕಿದ್ದು ನನಗೆ ಸರಿ ಕಾಣಲಿಲ್ಲ. ಅದರ ಮೇಲೆ ಜಾನ್‌ನ ನಿಜವಾದ ಹೆಸರು ಏಗಾನ್ ಎಂದರು. ಎಲಿಯಾಳ ಮಗನ ಹೆಸರೂ ಏಗಾನ್! ಒಬ್ಬ ತಂದೆ ಇಬ್ಬರು ಮಕ್ಕಳಿಗೆ ಒಂದೇ ಹೆಸರಿಟ್ಟ ಹಾಗಾಯಿತು.

ಪುಸ್ತಕದಲ್ಲಿ ಮದುವೆಯ ಪುರಾವೆಯೂ ಇಲ್ಲ, ಹೆಸರೂ ಇಲ್ಲ. ಮೊದಲ ಏಗಾನ್ ದೊರೆಗೆ ಇಬ್ಬರು ಹೆಂಡಿರಿದ್ದರಲ್ಲ, ರೇಗರನೂ ಹಾಗೇ ಮಾಡಿರಬಹುದು ಎಂದು ಕೆಲವರು ವಾದಿಸುತ್ತಾರೆ. ಕಿಂಗ್ಸ್‌ಗಾರ್ಡ್ ಮೂವರು ಅಲ್ಲಿ ನಿಂತದ್ದೇ ಒಳಗಿದ್ದ ಕೂಸು ರಾಜನೆಂಬುದಕ್ಕೆ ಸಾಕ್ಷಿ ಎಂದು ಇನ್ನು ಕೆಲವರು. ರೇಗರ್ ಆಜ್ಞೆ ಕೊಟ್ಟು ಹೋಗಿದ್ದರೂ ನಿಲ್ಲಬೇಕಾಗುತ್ತಿತ್ತು, ಆದ್ದರಿಂದ ಆ ಸಾಕ್ಷಿ ಅಷ್ಟು ಗಟ್ಟಿಯಲ್ಲ.

ಸೋದರತ್ತೆಗಿಂತ ಅಳಿಯ ದೊಡ್ಡವನೇ?

ಹೌದು. ಡೆನೇರಿಸ್ ರೇಗರನ ತಂಗಿ, ಜಾನ್‌ಗೆ ಸೋದರತ್ತೆ. ಮಾರ್ಟಿನ್ ಹೇಳಿರುವ ಪ್ರಕಾರ ಜಾನ್ ಅವಳಿಗಿಂತ ಎಂಟೊಂಬತ್ತು ತಿಂಗಳು ದೊಡ್ಡವನು. ನಮ್ಮಲ್ಲಿ ಸೋದರತ್ತೆಯ ಮಗಳನ್ನು ತರುವ ರೂಢಿಯಿದೆ, ಸೋದರತ್ತೆಯನ್ನೇ ಅಲ್ಲ. ಅವರಿಬ್ಬರೂ ಒಂದಾಗುವ, ಏಳನೆಯ ಸೀಸನ್‌ನ ಕೊನೆಯ ಎಪಿಸೋಡ್ ನೋಡುವಾಗ ಅಮ್ಮ ಎದ್ದು ಒಳಗೆ ಹೋದದ್ದು ಆ ಕಾರಣಕ್ಕೇ.

ಸರಣಿ ಮಾಡಿದವರಿಗೆ ಗುಟ್ಟು ಗೊತ್ತಿತ್ತೇ?

ಗೊತ್ತಿತ್ತು. ಡೇವಿಡ್ ಬೆನಿಯಾಫ್, ಡಿ. ಬಿ. ವೈಸ್ ಪುಸ್ತಕವನ್ನು ಟಿವಿಗೆ ತರುತ್ತೇವೆಂದು ಬಂದಾಗ ಮಾರ್ಟಿನ್ ಊಟದ ಮೇಜಿನಲ್ಲೇ ಕೇಳಿದರಂತೆ, ಜಾನ್ ಸ್ನೋನ ತಾಯಿ ಯಾರು? ಉತ್ತರ ಸರಿಯಿತ್ತು, ಸರಣಿ ಸಿಕ್ಕಿತು. ಇದನ್ನು ಮೂವರೂ ಹೇಳಿಕೊಂಡಿದ್ದಾರೆ.

26 ಜೂನ್ 2016ರಂದು ಪ್ರಸಾರವಾದ ಆರನೆಯ ಸೀಸನ್‌ನ ಕೊನೆಯ ಎಪಿಸೋಡಿನಲ್ಲಿ ಕೂಸಿನ ಮುಖದಿಂದ ಜಾನ್‌ನ ಮುಖಕ್ಕೆ ಕ್ಯಾಮೆರಾ ಬರುತ್ತದೆ. ಒಂದು ಮಾತಿಲ್ಲ. ಇಡೀ ಸರಣಿಯಲ್ಲಿ ನನಗೆ ತುಂಬ ಇಷ್ಟವಾದ ಕ್ಷಣಗಳಲ್ಲಿ ಅದೊಂದು. ಆಮೇಲೆ ಆ ಗುಟ್ಟನ್ನು ಬಳಸಿದ ರೀತಿ ಬೇರೆ ಮಾತು. ಎಂಟನೆಯ ಸೀಸನ್‌ನಲ್ಲಿ ಅದು ಡೆನೇರಿಸ್‌ಳ ಮನಸ್ಸು ಕೆಡಿಸಲು ಬಂತು, ಗೂಢಚಾರರ ಒಡೆಯ ವೇರಿಸ್‌ನ ಜೀವ ಹೋಗಲು ಬಂತು. ಜಾನ್ ಮಾತ್ರ ನನಗೆ ಬೇಡ, ನನಗೆ ಬೇಡ ಎನ್ನುತ್ತಲೇ ಉಳಿದ. ತನ್ನನ್ನು ಸಾಕಿದವನು ತನಗೆ ಜೀವನವಿಡೀ ಸುಳ್ಳು ಹೇಳಿದ ಎಂದು ತಿಳಿದವನ ಒಳಗೆ ಏನಾಯಿತು? ಅದಕ್ಕೆ ಅರ್ಧ ದೃಶ್ಯ. ಕೊನೆಗೆ ಸಿಂಹಾಸನ ಬ್ರಾನ್‌ಗೆ ಹೋಯಿತು.

ಓದುಗರು ಊಹಿಸಿಬಿಟ್ಟರೆಂದು ಮಾರ್ಟಿನ್ ಪುಸ್ತಕದಲ್ಲಿ ಬದಲಾಯಿಸಬಹುದೇ?

ಇಲ್ಲ. ಬಿತ್ತಿದ ಸುಳಿವುಗಳಿಗೆ ಬೇರೆ ಉತ್ತರ ಕೊಟ್ಟರೆ ಹಿಂದಿನದೆಲ್ಲ ಸುಳ್ಳಾಗುತ್ತದೆ ಎಂಬರ್ಥದ ಮಾತನ್ನು ಅವರು ಸಂದರ್ಶನಗಳಲ್ಲಿ ಆಡಿದ್ದಾರೆ. ಐದನೆಯ ಪುಸ್ತಕ ಬಂದದ್ದು 2011ರಲ್ಲಿ, ಆರನೆಯದಕ್ಕೆ ಎಲ್ಲರೂ ಕಾಯುತ್ತಲೇ ಇದ್ದಾರೆ. ಯಾವಾಗ ಬರುತ್ತದೆ ಎಂದು ಮಾತ್ರ ಕೇಳಬೇಡಿ.

ಟಿರಿಯನ್‌ನೂ ಟಾರ್ಗೇರಿಯನ್ ಅಂತಾರಲ್ಲ?

ಟಿರಿಯನ್ ಅಂದರೆ ರಾಣಿ ಸರ್ಸಿಯ ತಮ್ಮ, ಟೈವಿನ್‌ನ ಕಿರಿಯ ಮಗ. ಆಧಾರಗಳಿವೆ: ಅವನ ತಾಯಿ ಜೊಯಾನಾಳ ಮೇಲೆ ಹುಚ್ಚು ದೊರೆಗೆ ಕಣ್ಣಿತ್ತು, ಅವಳ ಮದುವೆಯ ರಾತ್ರಿಯಲ್ಲೇ ಅತಿಯಾಗಿ ನಡೆದುಕೊಂಡ ಎಂದು ಕಿಂಗ್ಸ್‌ಗಾರ್ಡ್‌ನ ಹಳಬ ಬ್ಯಾರಿಸ್ಟನ್ ಹೇಳುತ್ತಾನೆ. ಪುಸ್ತಕದ ಟಿರಿಯನ್‌ನ ಕೂದಲು ಬಿಳಿಗೆ ಹತ್ತಿರ, ಒಂದು ಕಣ್ಣು ಹಸಿರು ಒಂದು ಕಪ್ಪು. ಸಾಯುವಾಗ ಟೈವಿನ್ ‘ನೀನು ನನ್ನ ಮಗನಲ್ಲ’ ಎನ್ನುತ್ತಾನೆ.

ನಾನು ಒಪ್ಪುವುದಿಲ್ಲ. ಟೈವಿನ್ ಮೂವರು ಮಕ್ಕಳಲ್ಲಿ ಅತಿ ಹೆಚ್ಚು ದ್ವೇಷಿಸಿದ ಮಗನೇ ಬುದ್ಧಿಯಲ್ಲಿ ಅವನ ಪಡಿಯಚ್ಚು. ಟೈವಿನ್‌ನ ತಂಗಿ ಜೆನ್ನಾ ಅದನ್ನೇ ಹಿರಿಯ ಮಗ ಜೇಮಿಯ ಮುಖಕ್ಕೆ ಹೇಳುತ್ತಾಳೆ, ಟೈವಿನ್‌ನ ಮಗ ನೀನಲ್ಲ, ಟಿರಿಯನ್. ರಕ್ತವೇ ಬೇರೆ ಎಂದುಬಿಟ್ಟರೆ ಆ ಮಾತಿನ ಕಹಿಯೆಲ್ಲ ಹೋಗುತ್ತದೆ.

ಯಂಗ್ ಗ್ರಿಫ್ ನಿಜವಾದ ಏಗಾನ್ ಹೌದೋ ಅಲ್ಲವೋ?

ಟಿವಿ ಮಾತ್ರ ನೋಡಿದವರಿಗೆ ಇವನು ಯಾರೆಂದೇ ಗೊತ್ತಿಲ್ಲ, ಅಲ್ಲಿ ಅವನಿಲ್ಲ. ಐದನೆಯ ಪುಸ್ತಕದಲ್ಲಿ ನೀಲಿ ಕೂದಲಿನ ಹುಡುಗನೊಬ್ಬ ಬರುತ್ತಾನೆ. ಎಲಿಯಾಳ ಮಗ ಏಗಾನ್ ಸತ್ತಿಲ್ಲ, ವೇರಿಸ್ ಕೂಸು ಬದಲಿಸಿ ಉಳಿಸಿದ, ಅವನೇ ಇವನು ಎಂಬುದು ಹೇಳಿಕೆ. ಅನುಮಾನ ಏನೆಂದರೆ, ಇವನು ಟಾರ್ಗೇರಿಯನ್ ಮನೆತನದ ದಾಯಾದಿ ಶಾಖೆಯಾದ ಬ್ಲ್ಯಾಕ್‌ಫೈರ್ ಕುಡಿ. ಟಾರ್ಗೇರಿಯನ್ ಧ್ವಜ ಕೆಂಪು ಡ್ರ್ಯಾಗನ್, ಬ್ಲ್ಯಾಕ್‌ಫೈರ್ ಧ್ವಜ ಕಪ್ಪು. ಅವರ ಗಂಡು ಸಂತತಿ ಮುಗಿಯಿತು ಎಂದು ಹುಡುಗನ ಬೆನ್ನಿಗಿರುವ ಸಾಹುಕಾರ ಇಲಿರಿಯೋ ಒತ್ತಿ ಹೇಳುತ್ತಾನೆ. ಹಾಗಾದರೆ ಹೆಣ್ಣು ಸಂತತಿ?

ನಾಲ್ಕನೆಯ ಪುಸ್ತಕದಲ್ಲಿ ಬೈರಾಗಿಯೊಬ್ಬ ಛತ್ರವೊಂದರ ಕಥೆ ಹೇಳುತ್ತಾನೆ. ಅದರ ಮುಂದೆ ಕಪ್ಪು ಕಬ್ಬಿಣದ ಮೂರು ತಲೆಯ ಡ್ರ್ಯಾಗನ್ ತೂಗುಹಾಕಿದ್ದರು. ಬ್ಲ್ಯಾಕ್‌ಫೈರ್ ಗುರುತೆಂದು ಸಿಟ್ಟಾದ ಪಾಳೇಗಾರ ಅದನ್ನು ಕಡಿಸಿ ನದಿಗೆ ಎಸೆಸಿದ. ಎಷ್ಟೋ ವರ್ಷದ ಮೇಲೆ ಒಂದು ತಲೆ ತೇಲಿ ದಡ ಸೇರಿತು, ಅಷ್ಟರಲ್ಲಿ ತುಕ್ಕು ಹಿಡಿದು ಕೆಂಪಾಗಿತ್ತು. ಕಥೆಗೆ ಸಂಬಂಧವೇ ಇಲ್ಲದ ಹರಟೆಯ ಹಾಗೆ ಬಂದುಹೋಗುತ್ತದೆ. ಇಂಥದ್ದಕ್ಕೇ ನಾನು ಈ ಪುಸ್ತಕಗಳನ್ನು ಮತ್ತೆ ಮತ್ತೆ ಓದುವುದು.

ಡೆನೇರಿಸ್‌ಳ ನಿಂಬೆ ಮರದ ಗಲಾಟೆ ಏನು?

ಸಮುದ್ರದಾಚೆಯ ಬ್ರಾವೋಸ್‌ನಲ್ಲಿ ಬೆಳೆದ ಮನೆ ಅವಳಿಗೆ ನೆನಪಿದೆ, ಕೆಂಪು ಬಾಗಿಲು, ಕಿಟಕಿಯಾಚೆ ನಿಂಬೆ ಮರ. ಆದರೆ ಬ್ರಾವೋಸ್ ಕಲ್ಲಿನ ನಗರ, ದೊಡ್ಡವರ ತೋಟ ಬಿಟ್ಟರೆ ಅಲ್ಲಿ ಮರಗಳೇ ಇಲ್ಲ. ಹಾಗಾದರೆ ಅವಳು ಬೆಳೆದದ್ದು ನಿಂಬೆ ಬೆಳೆಯುವ ಡಾರ್ನ್‌ನಲ್ಲೇ, ಅವಳ ತಂದೆತಾಯಿಯೇ ಬೇರೆಯೇ ಎಂದು ಹುಯಿಲು. ಮರ ದೊಡ್ಡವರ ತೋಟದಲ್ಲೇ ಇದ್ದಿರಬಹುದಲ್ಲ ಎಂದರೆ ಗಲಾಟೆ ಮುಗಿಯುತ್ತದೆ.

ಇದು ನಮ್ಮ ಕರ್ಣನ ಕಥೆಯೇ ಅಲ್ಲವೇ?

ಊಟದ ಪಂಕ್ತಿಯ ಪ್ರಶ್ನೆ ಇದೇ ಆಗಿತ್ತು. ಹೋಲಿಕೆ ಇದೆ, ಬೇರೊಬ್ಬರ ಮನೆಯಲ್ಲಿ ಬೆಳೆದ ರಾಜಪುತ್ರ, ಕುಲದ ಹೆಸರಿನಲ್ಲಿ ಅವಮಾನ, ಸತ್ಯ ತಿಳಿದಾಗ ರಾಜ್ಯ ಬೇಡವೆನ್ನುವುದು. ಆದರೆ ಪಂಪನಲ್ಲಾಗಲಿ ಕುಮಾರವ್ಯಾಸನಲ್ಲಾಗಲಿ ಕರ್ಣ ಯಾರೆಂಬುದು ನಮಗೆ ಮೊದಲಿಂದಲೇ ಗೊತ್ತು, ಗೊತ್ತಿಲ್ಲದವನು ಕರ್ಣ. ಅವನ ಪ್ರತಿ ಸೋಲನ್ನೂ ನಾವು ಗೊತ್ತಿದ್ದೂ ನೋಡಬೇಕು, ಸಂಕಟ ಅಲ್ಲಿದೆ. ಇಲ್ಲಿ ಜಾನ್‌ಗೂ ಗೊತ್ತಿಲ್ಲ, ನಮಗೂ ಹೇಳಿಲ್ಲ. ಹಾಗಾಗಿ ಕರ್ಣನಿಗೆ ಅಳುವವರಿದ್ದಾರೆ, ಫ್ಯಾನ್ ಥಿಯರಿ ಕಟ್ಟುವವರಿಲ್ಲ.

ಪುಸ್ತಕದಲ್ಲಿ ಗುಟ್ಟು ಯಾರ ಬಾಯಿಂದ ಹೊರಬೀಳಬಹುದು?

ಗೋಪುರದಿಂದ ಬದುಕಿ ಬಂದವರು ಇಬ್ಬರೇ. ನೆಡ್‌ನ ತಲೆ ಹೋಯಿತು. ಉಳಿದವನು ಹೌಲಂಡ್ ರೀಡ್, ಜೌಗು ನಾಡಿನ ಕುಳ್ಳ ಪಾಳೇಗಾರ. ಅವನ ಕೋಟೆ ನೀರಿನ ಮೇಲೆ ತೇಲುತ್ತ ಜಾಗ ಬದಲಿಸುತ್ತದೆ, ಹುಡುಕಿ ಹೋದವರಿಗೆ ಸಿಗುವುದಿಲ್ಲ. ಐದು ಪುಸ್ತಕಗಳಲ್ಲಿ ಅವನ ಮಕ್ಕಳು ಬಂದಿದ್ದಾರೆ, ಅವನು ಒಮ್ಮೆಯೂ ಬಂದಿಲ್ಲ.

ಮೂರನೆಯ ಪುಸ್ತಕದಲ್ಲಿ ರಾಬ್ ಸಾಯುವ ಮೊದಲು ಉಯಿಲು ಬರೆಯುತ್ತಾನೆ. ಜಾನ್‌ನನ್ನು ಹುಟ್ಟಿನ ಕಳಂಕ ತೊಡೆದು ಸ್ಟಾರ್ಕ್ ಎಂದು ಸಾರಿ ವಾರಸುದಾರ ಮಾಡಿದ ಪತ್ರ ಅದು ಎಂದೇ ಎಲ್ಲರ ಲೆಕ್ಕ. ಅದಕ್ಕೆ ಮುದ್ರೆಯೊತ್ತಿದ ಸಾಕ್ಷಿಗಳಲ್ಲಿ ಇಬ್ಬರನ್ನು, ಮೇಜ್ ಮಾರ್ಮಂಟ್ ಮತ್ತು ಗಾಲ್ಬರ್ಟ್ ಗ್ಲೋವರ್ ಅವರನ್ನು, ರಾಬ್ ಜೌಗು ನಾಡಿನ ಕಡೆಗೆ ಕಳಿಸಿದ. ಆಮೇಲೆ ಅವರ ಸುದ್ದಿಯಿಲ್ಲ. ಜಾನ್ ಇನ್ನು ಮುಂದೆ ನೆಡ್ ಸ್ಟಾರ್ಕ್‌ನ ಮಗನೇ ಎಂದು ಹೇಳಲು ಅವರು ಹೋಗಿರುವುದು, ಅಲ್ಲ ಎಂದು ಗೊತ್ತಿರುವ ಒಬ್ಬನೇ ಮನುಷ್ಯನ ಮನೆಗೆ.